ಮೆಹರುನಬಿಯ ಬಾಜು

ನವಲಗುಂದದ ಆ ಮನೆಯಲ್ಲಿ ಮಗ್ಗ ಒಂದೇ, ಕೂರುವವರು ಇಬ್ಬರು: ಬಲಕ್ಕೆ ಮೆಹರುನಬಿ, ಎಡಕ್ಕೆ ಅವಳ ನೆಗೆಣ್ಣಿ ಅಜೀಜಾಬಿ. ನಿಂತ ಮಗ್ಗದಲ್ಲಿ ಜಮಖಾನೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎಳೆ ಹಾಯಿಸಿ, ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಕೂಡಿಸಬೇಕು. ಬಡಿತ ಮೆತ್ತಗಾದರೆ ಆ ಬಾಜು ಸಡಿಲಾಗಿ ಇನ್ನೊಂದಕ್ಕಿಂತ ಎತ್ತರಕ್ಕೆ ಎದ್ದು ನಿಲ್ಲುತ್ತದೆ, ಮುಚ್ಚಿಡಲು ಬರುವುದಿಲ್ಲ. ಒಬ್ಬರ ಬಾಜಿಗೆ ಇನ್ನೊಬ್ಬರು ಕೈಹಾಕುವ ರೂಢಿಯೂ ಇಲ್ಲ.

ಅರವತ್ತು ದಾಟಿದ ಮೆಹರುನಬಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ತೆಗೆದ ಮೇಲೂ ಸೊಸೆ ಆ ಕೈಯನ್ನು ಓಢಣಿಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿದಳು, ತುತ್ತು ಮಾಡಿ ಉಣಿಸಿದಳು. ಪ್ರೀತಿಯೇ, ಯಾರು ಅಲ್ಲವೆಂದರು? ಆ ಪ್ರೀತಿಯಲ್ಲೇ ಕೈ ಕೊರಡಾಯಿತು. ಪಂಜಾ ಹಿಡಿಯಲು ಬಾರದಿದ್ದರೆ ಮಗ್ಗದ ಮುಂದಿನ ಜಾಗ ಬೇರೆಯವಳ ಪಾಲು. ಆ ಚಿಂತೆಗೆ ಅವಳಿಗೆ ಊಟವೇ ರುಚಿಸದಾಯಿತು.

ಆಸ್ಪತ್ರೆಯಲ್ಲಿ ಕೈಕಾಲಿಗೆ ಕಸರತ್ತು ಮಾಡಿಸುವ ಡಾಕ್ಟರ್ ಅಮೃತಾ ಮೊದಲು ಓಢಣಿ ಬಿಚ್ಚಿ ಸೊಸೆಯ ಕೈಗಿತ್ತಳು.

"ಎಲುಬು ಕೂಡೇತ್ರಿ ಅಮ್ಮಾರ. ಇನ್ನ ಕೈ ಸುಮ್ಮನ ಇಟ್ಟರ ಕೆಡತೈತಿ," ಎಂದಳು.

ಬಿಸಿನೀರಲ್ಲಿ ಕೈ ಅದ್ದುವುದು, ಅಂಗೈ ಹೊರಳಿಸುವುದು, ಒದ್ದೆ ಬಟ್ಟೆ ಹಿಂಡುವುದು. ಮೆಹರುನಬಿ ಅಳುತ್ತ ಮಾಡಿದಳು, ಡಾಕ್ಟರಿಗೆ ಬೈಯುತ್ತ ಮಾಡಿದಳು, ಬಿಡಲಿಲ್ಲ ಮಾತ್ರ.

ಅಮೃತಾ ಹೂಂ ಅಂದ ದಿನವೇ ಮಗ್ಗಕ್ಕೆ ಬಂದು ಕೂತಳು. ಸಂಜೆಗೆ ಅವಳ ಬಾಜು ಬೆರಳಷ್ಟು ಎದ್ದು ನಿಂತಿತ್ತು. ಬೆಳಿಗ್ಗೆ ನೋಡಿದರೆ ಎರಡೂ ಬಾಜು ಸರಿಸಮ! ಅವಳು ಎದ್ದುಹೋದ ಮೇಲೆ ಅಜೀಜಾಬಿ ಯಾರಿಗೂ ಹೇಳದೆ ಬಡಿದು ಕೂಡಿಸಿದ್ದಳು. ಮೆಹರುನಬಿಗೆ ಮೈಯೆಲ್ಲ ಉರಿಯಿತು.

"ನನ್ನ ಬಾಜೂಕ ಕೈ ಹಚ್ಚಬ್ಯಾಡ. ಹಚ್ಚೂದಾದ್ರ ನಾ ಸತ್ತಮ್ಯಾಲ ಹಚ್ಚು."

ಅಷ್ಟಂದು, ಸರಿಯಾಗಿದ್ದ ಆ ಸಾಲುಗಳನ್ನೂ ಬಿಚ್ಚಿ ಹಾಕಿ ಮತ್ತೆ ನೇಯತೊಡಗಿದಳು. ನೋವಾದಾಗ ನಿಲ್ಲಿಸಿ, ಡಾಕ್ಟರ್ ಹೇಳಿದಂತೆ ಕೈ ಹೊರಳಿಸಿ, ಮತ್ತೆ ಪಂಜಾ ಹಿಡಿದಳು. ದಿನ ಕಳೆದಂತೆ ಮುಷ್ಟಿ ಬಿಗಿಯಿತು, ಬಡಿತದ ಸದ್ದು ಓಣಿಗೆ ಕೇಳತೊಡಗಿತು.

ಒಂದು ಮಧ್ಯಾಹ್ನ ಹಿಂದೆ ಸರಿದು ನೋಡಿದಳು. ನೇಯ್ಗೆಯ ಮೇಲಂಚು ಮತ್ತೆ ಓರೆ. ಕಣ್ಣುಜ್ಜಿಕೊಂಡು ಹತ್ತಿರ ಹೋದಳು. ಎದ್ದು ನಿಂತಿದ್ದು ತನ್ನ ಬಾಜಲ್ಲ, ಎಡಗಡೆಯದು; ಈಗ ತನ್ನ ಬಡಿತವೇ ಹೆಚ್ಚು ಬಿಗಿ. ಇಷ್ಟು ಖುಷಿ ಅವಳಿಗೆ ಮಗನ ಮದುವೆಯಲ್ಲೂ ಆಗಿರಲಿಲ್ಲ.

"ಅಜೀಜಾ, ನಿನ್ನ ಬಾಜೂ ಎದ್ದೈತಿ ನೋಡು. ಕೈ ಸೋತಿದ್ರ ಹೇಳು, ಡಾಕ್ಟರ್ ಬಾಯಾರ ಕಡೆ ಕರಕೊಂಡ ಹೋಗ್ತೀನಿ."

ಅಜೀಜಾಬಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು, ತನ್ನ ಸಾಲುಗಳನ್ನು ತಾನೇ ಬಿಚ್ಚತೊಡಗಿದಳು. ಅವಳು ಸರಿಸಮ ಬರುವ ತನಕ ಮೆಹರುನಬಿ, ಪಂಜಾ ಕೆಳಗಿಡದೆ, ಕಾದಳು.