ಬಿಳುಪು ತೋರಿಸದ ಹಲ್ಲಿ

ನಾನೊಂದು ಹಲ್ಲಿ. ಹೆಸರು ಕೇಳಿದೊಡನೆ ಮುಖ ಸಿಂಡರಿಸಬೇಡಿ. ನಿಮ್ಮ ಗೋಡೆಯ ಮೇಲೆ ಲೊಚಗುಟ್ಟುವವಳು ನನಗೆ ದೂರದ ನೆಂಟಳು, ಅಷ್ಟೆ. ಅವಳಂತೆ ಗೋಡೆ ಹತ್ತಲು ನನಗೆ ಬಾರದು. ಆದರೆ ಅವಳಿಗಿಲ್ಲದ ರೆಪ್ಪೆ ನನಗಿದೆ. ಬೇಸರವಾದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ಹಳದಿ ಮೈಮೇಲೆ ಕಪ್ಪು ಚುಕ್ಕೆಯಿರುವುದರಿಂದ ನಮ್ಮನ್ನು ಚಿರತೆ ಹಲ್ಲಿ ಎನ್ನುತ್ತಾರೆ.

ನಾನು ಹುಟ್ಟಿದ್ದು ಮೈಸೂರಿನಲ್ಲಿ, ಕುಸುಮಾಕರ ಅವರ ಮಹಡಿ ಕೋಣೆಯ ಕಾವು ಪೆಟ್ಟಿಗೆಯೊಳಗೆ. ಅವರದು ಕನ್ನಡಕದ ಅಂಗಡಿ; ಹಲ್ಲಿ ಸಾಕುವುದು ಹುಚ್ಚು. ನನ್ನ ಅಪ್ಪ ಅಮ್ಮ ಇಬ್ಬರೂ ಚುಕ್ಕೆಯವರೇ. ಆದರೆ ನನ್ನ ಜೊತೆಗೆ ಮೊಟ್ಟೆಯೊಡೆದು ಬಂದ ತಂಗಿಗೆ ಒಂದೂ ಕಪ್ಪು ಚುಕ್ಕೆಯಿರಲಿಲ್ಲ. ಬಿಳಿ ಮೈ, ನಸುಗೆಂಪು ಕಣ್ಣು. ಕುಸುಮಾಕರ ಹಿರಿಹಿರಿ ಹಿಗ್ಗಿದರು. ಬಿಳುಪು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಣ್ಣಿಗೆ ಕಾಣುತ್ತದಂತೆ. ಒಬ್ಬರಿಂದಷ್ಟೇ ಬಂದರೆ ಒಳಗೇ ಅಡಗಿ ಕೂರುತ್ತದಂತೆ.

ತಂಗಿ ಬಹಳ ದಿನ ಬದುಕಲಿಲ್ಲ. ಉಳಿದವನು ನಾನು. ಕುಸುಮಾಕರ ನನ್ನನ್ನು ಅಂಗೈಯಲ್ಲಿಟ್ಟುಕೊಂಡು, "ನಿನ್ನೊಳಗೂ ಇರ್ಬೇಕು ಕಣೋ. ಇದ್ರೆ ಸಾಯೋವರ್ಗೂ ಇಲ್ಲೇ ಇರ್ತೀಯ," ಎಂದರು. ಇಲ್ಲದಿದ್ದರೆ ಏನೆಂದು ಅವರು ಹೇಳಬೇಕಾಗಿರಲಿಲ್ಲ. ಬರೀ ಚುಕ್ಕೆಯವರನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು.

ಗಂಡುಗಳು ಕಚ್ಚಾಡುತ್ತವೆಂದು ನನ್ನನ್ನು ಒಂಟಿ ಡಬ್ಬಿಯಲ್ಲಿ ಬೆಳೆಸಿದರು. ದೊಡ್ಡವನಾದ ಮೇಲೆ ಪರೀಕ್ಷೆ. ಹುಬ್ಬಳ್ಳಿಯಿಂದ ಬಿಳಿ ಹೆಣ್ಣೊಂದನ್ನು ತರಿಸಿ ನನ್ನ ಡಬ್ಬಿಗೆ ಬಿಟ್ಟರು. ನನ್ನಲ್ಲಿ ಬಿಳುಪು ಅಡಗಿದ್ದರೆ ಮರಿಗಳಲ್ಲಿ ಸುಮಾರು ಅರ್ಧ ಬೆಳ್ಳಗಿರಬೇಕು. ಅವಳು ನನ್ನ ಮೈಗೆ ಮೈ ತಾಗಿಸಿ ಮಲಗುತ್ತಿದ್ದಳು. ಇನ್ನೊಂದು ಹಲ್ಲಿ ನನ್ನ ಪಕ್ಕ ಮಲಗಿದ್ದು ಆಗ ಮಾತ್ರ. ಮೊಟ್ಟೆಯಿಡುವ ಹೊತ್ತಿಗೆ ಅವಳನ್ನು ಎತ್ತಿಕೊಂಡು ಹೋದರು.

ಮರಿಗಳನ್ನು ನಾನು ಕಾಣಲಿಲ್ಲ. ಕಾವು ಪೆಟ್ಟಿಗೆ ತೆರೆದಾಗಲೆಲ್ಲ, "ಇದೂ ಚುಕ್ಕೇದೇ," ಎಂಬ ಗೊಣಗಾಟ ಮಾತ್ರ ಕೇಳಿಸುತ್ತಿತ್ತು. ಮಳೆಗಾಲ ಮುಗಿದರೂ ಅದೇ ಮಾತು. ನನಗೆ ಅಳು ಬರುವಂತಾಯಿತು. ಹಲ್ಲಿಗೆಂಥ ಅಳು ಎನ್ನಬೇಡಿ. ತಾಯಿಯ ಬಿಳುಪು ಒಳಗೆ ಇದ್ದೇ ಇರುತ್ತದೆಂದು ಮರಿಗಳನ್ನು ಇಟ್ಟುಕೊಂಡರು, ನನ್ನನ್ನು ಇಟ್ಟುಕೊಳ್ಳಲಿಲ್ಲ.

ಪಕ್ಕದ ರಸ್ತೆಯ ದೇಚಮ್ಮ ನನ್ನನ್ನು ಕೇಳಿ ತೆಗೆದುಕೊಂಡರು. ನರ್ಸ್ ಕೆಲಸದಿಂದ ನಿವೃತ್ತರಾದವರು, ಒಬ್ಬರೇ ಇದ್ದವರು. ನನಗೆ ಗಾಜಿನ ಮನೆ ಮಾಡಿಸಿದರು, ಹುಳುವನ್ನು ಚಿಮಟದಲ್ಲಿ ಹಿಡಿದು ಬಾಯಿಗೇ ಕೊಟ್ಟರು. ಟಿವಿ ನೋಡುತ್ತ ನನ್ನೊಡನೆ ಹರಟುತ್ತಿದ್ದರು. ಬಹಳ ಒಳ್ಳೆಯವರು. ಆದರೂ ಮನುಷ್ಯರು.

ವರ್ಷಗಳು ಕಳೆದು ನನ್ನ ದಪ್ಪ ಬಾಲ ಸೊರಗತೊಡಗಿತ್ತು. ಒಂದು ಭಾನುವಾರ ಕುಸುಮಾಕರ ಬಂದರು.

"ತಪ್ಪು ನಂದೇ ಸಿಸ್ಟರ್. ಬಿಳಿಯಲ್ಲೂ ಬೇರೆಬೇರೆ ವಂಶ ಇದೆ. ಹುಬ್ಬಳ್ಳಿ ಹೆಣ್ಣಿಂದು ಬೇರೆ, ಇವನದು ಬೇರೆ. ಅವೆರಡು ಸೇರಿದ್ರೆ ಚುಕ್ಕೆ ಮರೀನೇ ಬರೋದು. ಈಗ ಇವನ ವಂಶದ್ದೇ ಬಿಳಿ ಗಂಡು ಸಿಕ್ತು. ಇವನ ಮಗಳ ಜೊತೆ ಬಿಟ್ಟೆ. ಬಿಳಿ ಮರಿ ಬಂತು. ಇವನೊಳಗೆ ಮೊದ್ಲಿಂದ್ಲೂ ಇತ್ತು."

ದೇಚಮ್ಮ ಟಿವಿ ಆರಿಸಿದರು.

"ಇವನನ್ನ ವಾಪಸ್ ಕೊಡಿ. ಮಕ್ಕಳ ಸಾಲಲ್ಲೇ ಇವನ ಮನೇನೂ ಇಡ್ತೀನಿ. ಗಾಜಿನೊಳಗಿಂದ ಒಂದಕ್ಕೊಂದು ಕಾಣ್ತವೆ."

ನಾನು ಎದ್ದು ನಿಂತು ಗಾಜು ಕೆರೆಯತೊಡಗಿದೆ.

"ಆವತ್ತು ಬೇಡವಾಗಿದ್ದ, ಇವತ್ತು ಬೇಕಾದ್ನಾ?" ಎಂದರು ದೇಚಮ್ಮ. "ನೋಡಿ, ನಿಮ್ಮನ್ನ ಕಂಡ್ರೆ ಹೇಗೆ ಹೆದರ್ತಾನೆ. ಇವನು ನಮ್ಮನೆಯವನು. ಕೊಡಲ್ಲ."

ಕುಸುಮಾಕರ ತಲೆ ತಗ್ಗಿಸಿ ಹೊರಟರು. ಅವರು ಗೇಟು ದಾಟುವವರೆಗೂ ನಾನು ಕೆರೆಯುತ್ತಲೇ ಇದ್ದೆ. ದೇಚಮ್ಮ ಮುಚ್ಚಳ ಸರಿಸಿ ನನ್ನ ತಲೆ ಸವರಿದರು. "ಹೆದರ್ಬೇಡ ಮರಿ. ನಿನ್ನನ್ನ ಎಲ್ಲೂ ಕಳಿಸಲ್ಲ."

ಹುಟ್ಟಿದಾಗಿನಿಂದ ಈ ಮಾತಿಗಾಗಿ ಕಾದವನು ನಾನು. ಆದರೆ ಅಂದು ನನಗೆ ಹೋಗಬೇಕಿತ್ತು. ನನ್ನ ಮಕ್ಕಳು ಅಲ್ಲಿದ್ದರು.