ಎಂಟು ಗಂಟೆಯ ಹಾಜರಿ

ಗೋದಾವರಿ ದಂಡೆಯ ನಮ್ಮ ಕಲ್ಲಿದ್ದಲು ಗಣಿಯಲ್ಲಿ ಆಳುಗಳಿಗಿದ್ದ ಹಾಗೆ ಕಲ್ಲಿದ್ದಲು ಹೊರುವ ಡಂಪರು ಲಾರಿಗಳಿಗೂ ಹಾಜರಿ ಉಂಟು. ಬೆಳಿಗ್ಗೆ ಎಂಟಕ್ಕೆ ಗುಮಾಸ್ತ ರಾಜಮೌಳಿ ಪುಸ್ತಕ ಹಿಡಿದು ಅಂಗಳಕ್ಕೆ ಬಂದು ಒಂದೊಂದೇ ಗಾಡಿಯ ನಂಬರು ಕೂಗುತ್ತಾನೆ. ಎಂಜಿನ್ ಗುರುಗುಡುತ್ತ ಸಾಲಿನಲ್ಲಿ ನಿಂತಿದ್ದರೆ ಫೋರ್‌ಮನ್ ಆದ ನಾನು 'ಇದೆ' ಅನ್ನಬೇಕು. ಅಷ್ಟಾದರೆ ಆ ಗಾಡಿ ಇಡೀ ದಿನ ದುಡಿಯಲು ತಯಾರಿದೆ ಅಂತ ಪುಸ್ತಕಕ್ಕೆ ಏರಿತು. ಒಂಬತ್ತಕ್ಕೆ ಅದು ಕೆಟ್ಟು ಶೆಡ್ಡಿಗೆ ವಾಪಸು ಬಂದರೂ ಬರೆದದ್ದನ್ನು ಯಾರೂ ಹೊಡೆದುಹಾಕುವುದಿಲ್ಲ.

ಈ ಎಂಟು ಗಂಟೆಯ ಆಟದಲ್ಲಿ ಓದೇಲು ಎಂಬ ನನ್ನನ್ನು ಮೀರಿಸುವವರು ಸುತ್ತಲಿನ ಯಾವ ಗಣಿಯಲ್ಲೂ ಇರಲಿಲ್ಲ. ಒಂದರ ಬ್ಯಾಟರಿ ಬಿಚ್ಚಿ ಇನ್ನೊಂದಕ್ಕೆ, ಅದರ ಪೈಪು ಮತ್ತೊಂದಕ್ಕೆ. ಹೇಗೋ ಏಳೂ ಐವತ್ತಕ್ಕೆ ಎಲ್ಲವನ್ನೂ ಎಬ್ಬಿಸಿ ಸಾಲಿಗೆ ತಂದು ನಿಲ್ಲಿಸುತ್ತಿದ್ದೆ. ಆ ಹಾಜರಿಯ ಲೆಕ್ಕದ ಮೇಲೆ ನಾಲ್ಕು ವರ್ಷ ಸತತವಾಗಿ ಉತ್ತಮ ವರ್ಕ್‌ಶಾಪ್ ಶೀಲ್ಡು ನಮಗೇ ಬಂತು. ಆ ಶೀಲ್ಡಿನ ಪಕ್ಕ ನಿಂತು ಮೀಸೆ ತಿರುವಿದ್ದೇನು, ಫೋಟೋ ತೆಗೆಸಿಕೊಂಡಿದ್ದೇನು! ಥೂ, ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಇಪ್ಪತ್ಮೂರನೇ ನಂಬರಿನ ಡಂಪರನ್ನು ಓಡಿಸುತ್ತಿದ್ದವನು ಕೊಮುರಯ್ಯ, ನನ್ನ ಹೆಂಡತಿ ರಾಜವ್ವನ ತಮ್ಮ. ಡಂಪರಿನ ಆಯುಸ್ಸು ಒಂಬತ್ತು ವರ್ಷ ಅಂತ ಕಂಪನಿಯ ನಿಯಮ. ಇದು ಹನ್ನೊಂದು ದಾಟಿತ್ತು. ಮೊದಲನೇ ಶೀಲ್ಡು ಬಂದ ವರ್ಷವೇ ಅವನು ನನ್ನ ಹತ್ತಿರ ಬಂದಿದ್ದ.

"ಬಾವಾ, ಲೋಡ್ ಹಾಕ್ಕೊಂಡು ಇಳಿಜಾರಲ್ಲಿ ಬರ್ತಾ ಬ್ರೇಕು ಕಾದು ಹೋಗ್ತದೆ. ಕಾಲಿಟ್ರೆ ಬೆಣ್ಣೆಗೆ ಇಟ್ಟಂಗಿರುತ್ತೆ. ಈ ಸಲ ಬದಲಿ ಗಾಡಿ ಪಟ್ಟಿಗೆ ಇದನ್ನ ಬರಿ."

"ನಿಂಗೆ ಹೊಸ ಗಾಡಿ ಶೋಕಿ ಕಣೋ," ಅಂದು ನಕ್ಕೆ. "ನಾನಿರೋವಾಗ ಅದಕ್ಕೇನಾಗುತ್ತೆ?"

ಅವನೂ ನಕ್ಕ. ಅವನಿಗೆ ನನ್ನ ಕೈಕೆಲಸದ ಮೇಲೆ ಅಷ್ಟು ನಂಬಿಕೆ.

ನಾಲ್ಕನೇ ಶೀಲ್ಡಿನ ವರ್ಷ, ಜೂನ್ ತಿಂಗಳಲ್ಲಿ, ಹೆಡ್ ಆಫೀಸಿನ ಯೋಜನಾ ವಿಭಾಗದಿಂದ ವನಜಾ ಮೇಡಂ ಬಂದರು. ಮುಂದೆ ಯಾವ ಗಣಿಗೆ ಯಾವ ಯಂತ್ರ ಕೊಳ್ಳಬೇಕು ಅಂತ ಪಟ್ಟಿ ಮಾಡುವವರು ಅವರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ಪುಸ್ತಕ ಓದುವಾಗ ಬೆರಳಿಟ್ಟು ಸಾಲು ಸಾಲೇ ಓದುತ್ತಿದ್ದರು. ಇಪ್ಪತ್ಮೂರರ ಹತ್ತಿರ ಬೆರಳು ನಿಂತಿತು.

"ಓದೇಲು ಅವರೇ, ಹದಿನಾಲ್ಕು ವರ್ಷದ ಗಾಡಿ ನೂರರಲ್ಲಿ ಎಂಬತ್ತಾರು ದಿನ ಹಾಜರಿ ಇದೆಯಲ್ಲ. ನಿಜಾನಾ?"

ಮ್ಯಾನೇಜರ್ ರಂಗಾರಾವ್ ಸಾಹೇಬರು ಪಕ್ಕದಲ್ಲೇ ಕೂತಿದ್ದರು. ಅವರ ತಲೆಯ ಹಿಂದೆ ಶೀಲ್ಡುಗಳು.

"ನಿಜ ಮೇಡಂ."

"ನೋಡಿ, ನಾನು ಇವತ್ತು ಬರೆದರೆ ಮಂಜೂರಿ, ಟೆಂಡರು ಎಲ್ಲ ಮುಗಿದು ಗಾಡಿ ಬರೋಕೆ ಎರಡು ವರ್ಷ ಹಿಡಿಯುತ್ತೆ. ಕೆಟ್ಟ ಮೇಲೆ ಕೇಳಿದ್ರೆ ನನ್ನ ಹತ್ರ ಏನೂ ಇರಲ್ಲ. ಇನ್ನೊಂದು ಸಲ ಕೇಳ್ತಿದೀನಿ."

"ನಿಜ," ಅಂದೆ. ನನ್ನ ನಾಲಿಗೆಗೆ ಏನು ರೋಗ ಬಂದಿತ್ತೋ. ಮೇಡಂ ಇಪ್ಪತ್ಮೂರನ್ನು ಬಿಟ್ಟು ಮುಂದಿನ ಸಾಲಿಗೆ ಹೋದರು.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಒಂದು ದಿನ ಬೆಳಿಗ್ಗೆ ಇಪ್ಪತ್ಮೂರು ಏನು ಮಾಡಿದರೂ ಏಳಲಿಲ್ಲ. ಹದಿನೆಂಟನೇ ಗಾಡಿಯ ಬ್ಯಾಟರಿ ತಂದು ನಾನೇ ಜೋಡಿಸಿ ಸ್ಟಾರ್ಟ್ ಮಾಡಿದೆ. ರಾಜಮೌಳಿ ಕೂಗಿದ, ನಾನು 'ಇದೆ' ಅಂದೆ. ಹನ್ನೊಂದಕ್ಕೆ, ಲೋಡ್ ತುಂಬಿಕೊಂಡು ಇಳಿಯುವಾಗ, ಬ್ರೇಕು ಹಿಡಿಯಲಿಲ್ಲ. ಕೆಳಗಡೆ ರಸ್ತೆ ಕೆಲಸದ ಹೆಣ್ಣಾಳುಗಳು ಇದ್ದರು. ಕೊಮುರಯ್ಯ ಗಾಡಿಯನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ನುಗ್ಗಿಸಿದ. ಹೆಣ್ಣಾಳುಗಳು ಉಳಿದರು. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಗೆ ವಿಚಾರಣೆಯವರು ಬಂದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರ ಕೈಯಲ್ಲಿ ಹಾಜರಿ ಪುಸ್ತಕ, ಅದರಲ್ಲಿ ಅವತ್ತಿನ ದಿನಾಂಕದ ಎದುರು ನನ್ನ 'ಇದೆ'.

"ಬ್ರೇಕು ಚೆನ್ನಾಗೇ ಇತ್ತು ಸಾರ್," ಅಂದ ಕೊಮುರಯ್ಯ. "ನಂಗೇ ಜೋಂಪು ಹತ್ತಿತ್ತು. ತಪ್ಪು ನಂದೇ."

ಅವರು ಬರೆದುಕೊಂಡು ಹೋದರು. ನಾನು ಮಂಚದ ಹತ್ತಿರ ಹೋದೆ.

"ಯಾಕೋ ಹಂಗಂದೆ?"

"ನನ್ನ ಕಾಲಂತೂ ಹೋಯ್ತು. ನಿನ್ನ ಕೆಲ್ಸಾನೂ ಹೋದ್ರೆ ನಮ್ಮಕ್ಕ ಏನ್ ಮಾಡ್ಬೇಕು, ಬಾವಾ? ಸುಮ್ನಿರು."

ನಾನು ಸುಮ್ಮನಿದ್ದೆ. ಒಂದು ದಿನವಲ್ಲ, ಹತ್ತು ತಿಂಗಳು ಸುಮ್ಮನಿದ್ದೆ. ರಾಜವ್ವ ದಿನಾ ತಮ್ಮನಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. "ನಿದ್ದೆಗೆಟ್ಟು ಗಾಡಿ ಹತ್ತಬೇಡ ಅಂತ ನೀವಾದ್ರೂ ಹೇಳ್ಬಾರದಿತ್ತಾ?" ಅಂತ ನನ್ನನ್ನೇ ಕೇಳುತ್ತಿದ್ದಳು.

ತಪ್ಪು ಡ್ರೈವರನದು ಅಂತಾದ ಮೇಲೆ ಗಾಡಿ ನಿರ್ದೋಷಿ. ರಿಪೇರಿ ಮಾಡಿ ಅಂತ ಆರ್ಡರ್ ಬಂತು. ಮಾಡಿದೆವು. ಮುಂದಿನ ಜೂನಿಗೆ ಇಪ್ಪತ್ಮೂರು ಬಣ್ಣ ಬಳಿದುಕೊಂಡು ಮದುಮಗಳ ಹಾಗೆ ಸಾಲಿಗೆ ಬಂತು. ಬ್ರೇಕು ಮಾತ್ರ ಅದೇ ಹಳೇ ಬ್ರೇಕು, ನನ್ನ ಕೈಗೆ ಗೊತ್ತಾಗುತ್ತಿತ್ತು. ಓಡಿಸಲು ಮೊಗಿಲಿಯನ್ನು ಹಾಕಿದ್ದರು. ಮೂರು ಮಕ್ಕಳ ತಂದೆ. ಅವತ್ತೇ ವನಜಾ ಮೇಡಂ ಕೂಡ ಬಂದರು. ಈ ಸಲ ಆಫೀಸಿಗೆ ಹೋಗದೆ ನೇರ ಅಂಗಳಕ್ಕೇ ಬಂದು ನಿಂತರು.

ರಾಜಮೌಳಿ ಕೂಗುತ್ತ ಬಂದ. ಮೊಗಿಲಿ ಇಪ್ಪತ್ಮೂರರ ಏಣಿ ಹತ್ತುತ್ತಿದ್ದ. ಚಪ್ಪಲಿ ಕೆಳಗೆ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕೊಮುರಯ್ಯನೂ ದಿನಾ ಹಾಗೇ ಮಾಡುತ್ತಿದ್ದ.

"ಇಪ್ಪತ್ಮೂರು?"

"ಇಲ್ಲ," ಅಂದೆ.

"ಏನಯ್ಯಾ, ಕಣ್ಣು ಹೋಯ್ತಾ?" ಮೇಡಂ ಹಿಂದೆಯೇ ಬಂದು ನಿಂತಿದ್ದ ರಂಗಾರಾವ್ ಸಾಹೇಬರು ಹಾರಿಬಿದ್ದರು. "ಮುಂದೇನೇ ಗುರುಗುಡ್ತಾ ನಿಂತಿದೆ!"

"ನಿಂತಿರೋದು ನಿಜ ಸಾರ್. ಇಳಿಜಾರಲ್ಲಿ ನಿಲ್ಲಲ್ಲ ಅದು. ಮೊಗಿಲಿ, ಇಳಿಯೋ ಕೆಳಗೆ!"

ಆಮೇಲೆ ಎಲ್ಲವನ್ನೂ ಒದರಿಬಿಟ್ಟೆ. ಬ್ಯಾಟರಿ, ಪೈಪು, ನಾಲ್ಕು ಶೀಲ್ಡು, ಆಗಸ್ಟಿನ ಆ ಬೆಳಿಗ್ಗೆ, ಆಸ್ಪತ್ರೆಯ ಸುಳ್ಳು. ಕೊಮುರಯ್ಯ ನಿದ್ದೆ ಮಾಡಿರಲಿಲ್ಲ ಅಂತ ಎರಡು ಸಲ ಹೇಳಿದೆ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸದೆ ಹೋದೀತು ಅಂತ ಕಿರುಚಿಯೇ ಹೇಳಿದೆ.

"ಹೋದ ವರ್ಷ ನಾನು ಎರಡು ಸಲ ಕೇಳಿದ್ದೆ," ಅಂದರು ಮೇಡಂ.

"ಹೌದಮ್ಮಾ, ಕೇಳಿದ್ರಿ."

ಅಲ್ಲೇ ನಿಂತು ಅವರು ಪಟ್ಟಿಯಲ್ಲಿ ಇಪ್ಪತ್ಮೂರನ್ನು ಬರೆದರು. ನನ್ನನ್ನು ಸಂಜೆಯೊಳಗೆ ಸಸ್ಪೆಂಡ್ ಮಾಡಿದರು. ಅದಕ್ಕೆ ನನ್ನ ತಕರಾರಿಲ್ಲ.

ರಾಜವ್ವನನ್ನು ಕರೆದುಕೊಂಡು ಕೊಮುರಯ್ಯನ ಮನೆಗೆ ಹೋದೆ. ಅಂಗಳದ ಮಂಚದ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ಇಬ್ಬರ ಎದುರಿಗೂ ಎಲ್ಲ ಹೇಳಿದೆ. ರಾಜವ್ವ ಸೆರಗು ಬಾಯಿಗೆ ಒತ್ತಿಕೊಂಡು ನನ್ನಿಂದ ದೂರ ಸರಿದು, ತಮ್ಮನ ಪಕ್ಕದಲ್ಲಿ ಹೋಗಿ ಕೂತಳು.

"ಹೊಸ ಗಾಡಿ ಯಾವಾಗ ಬರ್ತದೆ?" ಕೊಮುರಯ್ಯ ಕೇಳಿದ.

"ಎರಡು ವರ್ಷ."

ಅವನು ಬೆರಳು ಮಡಚಿ ಏನೋ ಎಣಿಸಿದ. ಮತ್ತೊಮ್ಮೆ ಎಣಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು.

"ಹಂಗಾದ್ರೆ ಬಾವಾ, ಮೊದಲ್ನೇ ಶೀಲ್ಡಿನ ವರ್ಷ ನಾನು ಕೇಳಿದ್ನಲ್ಲ, ಅವತ್ತೇ ನೀನು ಬರ್ದಿದ್ರೆ, ನಾನು ಬೀಳೋಕೆ ಒಂದು ವರ್ಷ ಮುಂಚೇನೇ ಹೊಸದು ಬಂದಿರ್ತಿತ್ತು."