ಸೀಮಂತದ ಬಳೆ

ಓರಗಿತ್ತಿಯ ಹೊಟ್ಟೆ ನೋಡಿದಾಗಲೆಲ್ಲ ನಾಗಶ್ರೀಗೆ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇನ್ನೇನು? ಬಣಕಲ್ಲಿನ ಆ ಅಂಗಡಿಯವರ ಮನೆಗೆ ಹಿರಿಸೊಸೆಯಾಗಿ ಬಂದವಳು ಇವಳು, ಕಂಡ ದೇವರಿಗೆಲ್ಲ ಹರಕೆ ಹೊತ್ತವಳು ಇವಳು. ಬಸುರಾದದ್ದು ಮಾತ್ರ ಇವಳಿಗಿಂತ ಮೂರು ವರ್ಷ ತಡವಾಗಿ ಬಂದ ಕವನಾ! ಇವತ್ತು ಅವಳ ಸೀಮಂತ.

ಮುಟ್ಟು ತೀರಾ ಕಡಿಮೆಯಾಯಿತೆಂದು ನಾಗಶ್ರೀ ಹೋದ ತಿಂಗಳು ಮೂಡಿಗೆರೆಯಲ್ಲಿ ತೋರಿಸಿದಾಗ, ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಗರ್ಭಕೋಶಕ್ಕೆ ಟಿ.ಬಿ. ಎಂದಿದ್ದರು. ಕೆಮ್ಮಿಲ್ಲ, ಕಫವಿಲ್ಲ, ಇದೆಂಥಾ ಟಿ.ಬಿ. ಮಾರಾಯ್ರೇ! "ಮಾತ್ರೆಗೆ ಕಾಯಿಲೆ ಹೋಗ್ತದೆ. ಆದ್ರೆ ಗರ್ಭನಾಳ ಮುಚ್ಚಿಹೋಗಿದೆ, ಮಗು ಆಗ್ತದೆ ಅನ್ನಕ್ಕಾಗಲ್ಲ. ಬೇಗ ಬರ್ಬೇಕಿತ್ತು." ಅತ್ತೆ ದೇವೀರಮ್ಮನಿಗೆ ತಿಳಿದರೆ ತಟ್ಟೆ ಲೋಟ ಬೇರೆಯಾದೀತೆಂದು, ಗಂಡ ರುದ್ರೇಶನ ಹೊರತು ಯಾರಿಗೂ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ನಾಗಶ್ರೀ ಅಡುಗೆಮನೆಯ ಮೂಲೆಯಲ್ಲಿ ಮಾತ್ರೆ ನುಂಗುವುದನ್ನು ಕವನಾ ಕಂಡುಬಿಟ್ಟಳು.

"ಹೆದರ್ಬೇಡಿ ಅಕ್ಕಾ, ಈ ಟಿ.ಬಿ. ಮಾತ್ರೆಗೆ ಉಚ್ಚೆ ಕೆಂಪಾಗ್ತದೆ ಅಷ್ಟೆ. ನಾನೂ ತಗೊಂಡಿದ್ದೆ, ಮದುವೆಗೆ ಮುಂಚೆ."

"ನಿಂಗೂ ಇತ್ತಾ? ಮುಟ್ಟು ಸರಿಯಿಲ್ಲ ಅಂತ ನಿನ್ನತ್ರಾನೇ ಅತ್ತಿದ್ನಲ್ಲೇ! ಆಗ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಈ ಮನೇಲಿ ನನ್ನ ಇಟ್ಕೋತಿದ್ರಾ?"

ನಾಗಶ್ರೀಯ ಮೈಯೆಲ್ಲ ಉರಿದುಹೋಯಿತು. ಮಗುವೂ ಇವಳಿಗೇ, ಮರ್ಯಾದೆಯೂ ಇವಳಿಗೇ! ಎಲ್ಲರೆದುರು ಇವಳ ಬಂಡವಾಳ ಬಯಲು ಮಾಡಿಯೇ ತೀರುತ್ತೇನೆ ಅಂದುಕೊಂಡಳು.

ಬಸುರಿಯ ಕೈಯಿಂದ ಎರಡು ಹಸಿರು ಬಳೆ ತೆಗೆದು ಮಕ್ಕಳಿಲ್ಲದವರಿಗೆ ತೊಡಿಸುವುದು ಆ ಮನೆಯ ಪದ್ಧತಿ. ದೇವೀರಮ್ಮ ಒಂದನ್ನು ನಾಗಶ್ರೀಗೆ ತೊಡಿಸಿ, ಇನ್ನೊಂದನ್ನು ಮದುವೆಯಾಗಿ ಎರಡು ವರ್ಷವಾದ ಮಗಳು ಧನ್ಯಾಳತ್ತ ಹಿಡಿದರು.

"ಹಾಕಮ್ಮ," ಧನ್ಯಾ ಸಣ್ಣ ದನಿಯಲ್ಲಿ ಅಂದಳು, "ಮುಟ್ಟೂ ನೆಟ್ಟಗೆ ಆಗ್ತಿಲ್ಲ ನಂಗೆ."

ಕವನಾಳ ಹೆಸರು ನಾಗಶ್ರೀಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಧನ್ಯಾಳ ಮುಖ ನೋಡಿದಳು.

"ಬಳೆಯಿಂದ ಆಗೋದಲ್ಲ ಧನ್ಯಾ. ನಾಳೆ ನನ್ ಜೊತೆ ಮೂಡಿಗೆರೆಗೆ ಬಾ. ನಂಗೆ ಗರ್ಭಕೋಶಕ್ಕೆ ಟಿ.ಬಿ. ಇದೆ. ತಡ ಮಾಡಿ ಕೆಟ್ಟೆ ನಾನು."

ಹೆಂಗಸರ ಸೋಬಾನೆ ಹಾಡು ನಿಂತಿತು. ದೇವೀರಮ್ಮ ಮಗಳನ್ನು ಸೊಸೆಯ ಪಕ್ಕದಿಂದ ರಪ್ಪನೆ ಎಳೆದುಕೊಂಡರು. ಕವನಾ ತಲೆ ತಗ್ಗಿಸಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ನಾಗಶ್ರೀ ಅವಳ ಹೆಸರು ಎತ್ತಲಿಲ್ಲ. ಹಾಗಂತ ಹೊಟ್ಟೆಕಿಚ್ಚೇನೂ ಆರಿರಲಿಲ್ಲ.

ಧನ್ಯಾ ಅಮ್ಮನ ಕೈಯಿಂದ ಕೊಸರಿಕೊಂಡು ಬಂದು ಮತ್ತೆ ನಾಗಶ್ರೀಯ ಪಕ್ಕದಲ್ಲೇ ಕೂತಳು.

"ಎಷ್ಟೊತ್ತಿಗೆ ಬಸ್ಸು, ಅತ್ತಿಗೆ?"